ಹೂತಿಟ್ಟ ಗುಟ್ಟು, ಬಿಡಲಾಗದ ಗೆಳತಿ: ಥ್ರಿಲ್ಲರ್‌ನಲ್ಲಿ ಸತ್ಯವನ್ನು ಯಾವಾಗ ಬಿಚ್ಚಿಡಬೇಕು?

ಕರಡುಪ್ರತಿ (ಪ್ರಶ್ನೆ)

ಮೂವರು ಗೆಳತಿಯರನ್ನು ಕುರಿತ ಮನೋವೈಜ್ಞಾನಿಕ ಥ್ರಿಲ್ಲರ್ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಕಾಲೇಜಿನ ದಿನಗಳಲ್ಲಿ ಇವರ ಜೊತೆಗಿದ್ದ ನಾಲ್ಕನೆಯವಳು ನೀರಿನಲ್ಲಿ ಮುಳುಗಿ ಸತ್ತಿದ್ದಾಳೆ. ಅದು ಆಕಸ್ಮಿಕವೆಂದೇ ಎಲ್ಲರೂ ನಂಬಿದ್ದಾರೆ. ಆದರೆ ಅಂದು ದಡದ ಮೇಲೆ ನಡೆದ ಜಗಳದ ಬಗ್ಗೆ ತುಟಿ ಬಿಚ್ಚುವುದಿಲ್ಲವೆಂದು ಉಳಿದ ಮೂವರೂ ಪರಸ್ಪರ ಮಾತು ಕೊಟ್ಟಿದ್ದಾರೆ. ಈಗ ನಡುವಯಸ್ಸಿಗೆ ಬಂದಿರುವ ಅವರಲ್ಲಿ ಒಬ್ಬಳು ಉಳಿದಿಬ್ಬರನ್ನು ಅದೇ ಮಾತಿನಿಂದ ಕಟ್ಟಿಹಾಕಿ, ಅವರ ಉದ್ಯೋಗ, ದಾಂಪತ್ಯ, ಇತರ ಸ್ನೇಹಗಳು ಎಲ್ಲದರಲ್ಲೂ ಕೈಯಾಡಿಸುತ್ತಾಳೆ. ಕಥೆ ಹೇಳುವವಳು ಆ ಇಬ್ಬರಲ್ಲಿ ಒಬ್ಬಳು.

ಕರಡನ್ನು ಓದಿದವರು, ಇಷ್ಟು ನೋಯಿಸುವ ಗೆಳತಿಯನ್ನು ಇವಳು ಇನ್ನೂ ಏಕೆ ಬಿಟ್ಟಿಲ್ಲ ಎಂದು ಕೇಳುತ್ತಿದ್ದಾರೆ. ಇನ್ನೊಂದು ತೊಡಕು ಗುಟ್ಟಿನದು. ಅದನ್ನು ಕೊನೆಯ ಅಧ್ಯಾಯದವರೆಗೆ ತಡೆದಿಟ್ಟರೆ, ಎಲ್ಲ ಗೊತ್ತಿದ್ದೂ ನಿರೂಪಕಿ ಓದುಗರಿಂದ ಬಚ್ಚಿಟ್ಟಂತಾಗಿ ಮೋಸವೆನಿಸುತ್ತದೆ. ಮೊದಲೇ ಹೇಳಿದರೆ ಕುತೂಹಲ ಸೋರಿಹೋಗುತ್ತದೆಯೆಂಬ ಭಯ. ನಿಮ್ಮ ಅಭಿಪ್ರಾಯವೇನು?

ಇರುಳೋದು

ಘಟನೆಯನ್ನೂ ಅದರಲ್ಲಿ ಪ್ರತಿಯೊಬ್ಬರಿಗಿದ್ದ ಪಾಲನ್ನೂ ಬೇರ್ಪಡಿಸಿ ನೋಡಿದರೆ ನಿಮ್ಮ ಎರಡನೆಯ ತೊಡಕು ಬಹುಮಟ್ಟಿಗೆ ಬಗೆಹರಿಯುತ್ತದೆ. ಒಂದು ಸಾವಾಯಿತು, ಮೂವರೂ ಸೇರಿ ಏನನ್ನೋ ಮುಚ್ಚಿಟ್ಟರು ಎಂಬುದನ್ನು ಮೊದಲ ಪುಟಗಳಲ್ಲೇ ಹೇಳಿಬಿಡಿ. ಡೊನಾ ಟಾರ್ಟ್ ಅವರ 1992ರ ಕಾದಂಬರಿ ‘ದ ಸೀಕ್ರೆಟ್ ಹಿಸ್ಟರಿ’ ಗೆಳೆಯನೊಬ್ಬನ ಸಾವನ್ನೂ ಅದರಲ್ಲಿ ನಿರೂಪಕನಿಗಿರುವ ಹೊಣೆಯನ್ನೂ ಆರಂಭದಲ್ಲೇ ತಿಳಿಸುತ್ತದೆ. ಹಾಗಿದ್ದೂ ಓದು ನಿಲ್ಲುವುದಿಲ್ಲ, ಏಕೆಂದರೆ ಏನಾಯಿತು ಎಂಬ ಪ್ರಶ್ನೆ ಸರಿದು, ಇವರು ಅಲ್ಲಿಗೆ ಹೇಗೆ ತಲುಪಿದರು, ಇನ್ನು ಮುಂದೆ ಒಬ್ಬರನ್ನೊಬ್ಬರು ಹೇಗೆ ಸಹಿಸಿಕೊಳ್ಳುತ್ತಾರೆ ಎಂಬ ಪ್ರಶ್ನೆ ಆ ಜಾಗಕ್ಕೆ ಬಂದು ಕೂರುತ್ತದೆ.

ನೀವು ತಡೆದಿಡಬೇಕಾದದ್ದು ಪಾಲಿನ ಲೆಕ್ಕವನ್ನು: ಜಗಳ ತೆಗೆದವರು ಯಾರು, ಕೂಗು ಕೇಳಿಸಿಯೂ ತಿರುಗಿ ನೋಡದವರು ಯಾರು, ಯಾರನ್ನೂ ಸಹಾಯಕ್ಕೆ ಕರೆಯುವುದು ಬೇಡವೆಂದು ಮೊದಲು ಹೇಳಿದವರು ಯಾರು. ಒಬ್ಬೊಬ್ಬರಿಗೂ ಇದರ ಒಂದೊಂದು ತುಣುಕು ಮಾತ್ರ ಗೊತ್ತಿದ್ದರೆ ನಿರೂಪಕಿ ಓದುಗರಿಂದ ಏನನ್ನೂ ಮುಚ್ಚಿಡಬೇಕಾಗಿಲ್ಲ. ತನ್ನ ತುಣುಕೇ ಇಡೀ ಸತ್ಯವೆಂದು ಆಕೆ ಪ್ರಾಮಾಣಿಕವಾಗಿ ನಂಬಿರುತ್ತಾಳೆ. ಗುಟ್ಟಿಗೆ ಕಾವಲು ಕೂತಿರುವ ಗೆಳತಿಯ ಶಕ್ತಿಯೂ ಇಲ್ಲಿಯೇ ಇದೆ. ಉಳಿದಿಬ್ಬರು ಎಂದೂ ಮುಖಾಮುಖಿ ಕೂತು ಮನಬಿಚ್ಚಿ ಮಾತನಾಡದಂತೆ ನೋಡಿಕೊಳ್ಳುವುದೇ ಅವಳ ನಿತ್ಯದ ಕೆಲಸ.

ಮನೋಗತ

ಮೇಲಿನ ಸಲಹೆಯನ್ನು ಒಪ್ಪುತ್ತೇನೆ, ಆದರೆ ತುಣುಕುಗಳನ್ನು ಜೋಡಿಸಿದರೆ ಸತ್ಯ ಪೂರ್ತಿಯಾಗುತ್ತದೆ ಎಂಬ ಊಹೆಯನ್ನು ಒಪ್ಪಲಾರೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ದೃಶ್ಯಗಳನ್ನು ತೋರಿಸಿ ವಾಹನಗಳ ವೇಗವನ್ನು ಕೇಳಿದಾಗ, ಪ್ರಶ್ನೆಯಲ್ಲಿ ‘ತಾಗಿದವು’ ಎಂಬುದರ ಬದಲು ‘ಅಪ್ಪಳಿಸಿದವು’ ಎಂಬ ಅರ್ಥದ ಕ್ರಿಯಾಪದವನ್ನು ಕೇಳಿದವರು ಹೆಚ್ಚಿನ ವೇಗವನ್ನು ಹೇಳಿದರು. ವಾರದ ಬಳಿಕ, ದೃಶ್ಯದಲ್ಲಿ ಇಲ್ಲವೇ ಇಲ್ಲದ ಒಡೆದ ಗಾಜನ್ನು ಕಂಡೆವೆಂದು ಹೇಳಿದವರೂ ಅವರಲ್ಲೇ ಹೆಚ್ಚು. ಒಂದು ಕ್ರಿಯಾಪದಕ್ಕೇ ಇಷ್ಟು ಬಲವಿದ್ದರೆ, ವರ್ಷಗಟ್ಟಲೆ ಒಬ್ಬಳೇ ಗೆಳತಿಯ ಬಾಯಿಂದ ಆ ಸಂಜೆಯ ವಿವರಣೆಯನ್ನು ಕೇಳುತ್ತಾ ಬಂದವಳ ನೆನಪು ಎಷ್ಟರಮಟ್ಟಿಗೆ ಅವಳದ್ದಾಗಿ ಉಳಿದೀತು?

ಇದನ್ನು ದೃಶ್ಯವಾಗಿಸಿ. ಎಲ್ಲಿಗೋ ಹೊರಟುನಿಂತ ನಿರೂಪಕಿಯ ಕಾಲರಿಗೆ ಅಂಟಿದ ನೂಲಿನ ಎಳೆಯನ್ನು ತೆಗೆಯುತ್ತಾ ಗೆಳತಿ, “ನೀನು ಅವಳ ಕೈ ಕೊಸರಿಕೊಂಡದ್ದು ಹೆದರಿಕೆಯಿಂದ ತಾನೆ, ಅದನ್ನು ನಾನು ಯಾರಿಗೂ ಹೇಳಿಲ್ಲ ಬಿಡು” ಎನ್ನಲಿ. ನಿರೂಪಕಿಗೆ ಕೈ ಕೊಸರಿಕೊಂಡ ನೆನಪೇ ಇಲ್ಲ. ಕೆಲವು ಅಧ್ಯಾಯಗಳ ನಂತರ, ಬೇರಾವುದೋ ವಿಷಯದ ನಡುವೆ, “ನಾನು ಕೈ ಕೊಸರಿಕೊಂಡಾಗ” ಎಂದು ಅವಳೇ ಸಹಜವಾಗಿ ಬರೆಯಲಿ. ಅದರ ಬಗ್ಗೆ ಒಂದು ಪದವನ್ನೂ ವಿವರಿಸಬೇಡಿ. ಗಮನವಿಟ್ಟು ಓದುವವರಿಗೆ ಆ ಒಂದು ವಾಕ್ಯ ಸಾಕು.

ಗುಟ್ಟಿನ ಭಾರವನ್ನು ಬೆವರುವ ಅಂಗೈ, ತಡವರಿಸುವ ನಾಲಿಗೆಗಳಿಂದ ತೋರಿಸುವುದನ್ನೂ ಕಡಿಮೆ ಮಾಡಿ. ಮೈಕಲ್ ಸ್ಲೆಪಿಯನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಇತರರೆದುರು ಗುಟ್ಟನ್ನು ಮರೆಮಾಚಬೇಕಾಗಿ ಬರುವುದಕ್ಕಿಂತ ಹೆಚ್ಚು ಸಲ ಮನಸ್ಸು ತಾನಾಗಿಯೇ ಅದರತ್ತ ಹರಿಯುತ್ತದೆ, ನೆಮ್ಮದಿ ಕೆಡುವುದಕ್ಕೂ ಹೆಚ್ಚಿನ ನಂಟಿರುವುದು ಆ ಹರಿದಾಟಕ್ಕೇ. ಆದ್ದರಿಂದ ಯಾರೂ ಪ್ರಶ್ನಿಸದ, ಯಾವ ಅಪಾಯವೂ ಇಲ್ಲದ ಗಳಿಗೆಗಳಲ್ಲೇ ನಿಮ್ಮ ನಿರೂಪಕಿ ಕುಸಿಯಬೇಕು.

ನೆರಳುಬೆಳಕು

ಬಿಡಲಾಗದ್ದಕ್ಕೆ ಗುಟ್ಟಿನ ಭಯವೊಂದೇ ಕಾರಣವಾದರೆ ನೀವು ಬರೆಯುತ್ತಿರುವುದು ಸ್ನೇಹದ ಕಥೆಯಲ್ಲ, ಬ್ಲ್ಯಾಕ್‌ಮೇಲ್‌ನ ಕಥೆ. ಆ ಗೆಳತಿ ನಿಜವಾಗಿಯೂ ಒಳ್ಳೆಯದನ್ನು ಮಾಡಿರಬೇಕು. ನಿರೂಪಕಿಯ ತಾಯಿ ಹಾಸಿಗೆ ಹಿಡಿದಾಗ ರಾತ್ರಿಯೆಲ್ಲ ಎದ್ದು ಕೂತವಳು, ಉಳಿದವರು ನುಣುಚಿಕೊಂಡಾಗ ಬಂದು ಬಾಗಿಲು ತಟ್ಟಿದವಳು ಅವಳೇ ಆಗಿರಲಿ, ಮತ್ತು ಆ ಪ್ರೀತಿ ನಟನೆಯಾಗಿತ್ತೆಂದು ಕೊನೆಯಲ್ಲಿ ದಯವಿಟ್ಟು ಸಾಬೀತು ಮಾಡಬೇಡಿ. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಪ್ರತಿಫಲವು ಪ್ರತಿ ಸಲವೂ ತಪ್ಪದೆ ಸಿಗುವ ಪ್ರತಿಫಲಕ್ಕಿಂತ ಗಟ್ಟಿಯಾಗಿ ಹಿಡಿದಿಡುತ್ತದೆ ಎಂಬುದು ಫರ್ಸ್ಟರ್ ಮತ್ತು ಸ್ಕಿನ್ನರ್ 1957ರ ತಮ್ಮ ಗ್ರಂಥದಲ್ಲಿ ದಾಖಲಿಸಿದ ಪ್ರಾಣಿಪ್ರಯೋಗಗಳ ಕಾಲದಿಂದಲೂ ತಿಳಿದಿರುವ ಸಂಗತಿ. ಮನುಷ್ಯರ ಒಡನಾಟವನ್ನು ಪಾರಿವಾಳದ ಪ್ರಯೋಗಕ್ಕೆ ಇಳಿಸುವುದು ಸಲ್ಲದು; ಆದರೂ ವಾರಗಟ್ಟಲೆ ಮಾತು ಬಿಟ್ಟು, ಕಾರಣ ಹೇಳದೆ ಮತ್ತೆ ಬಂದು ಅಪ್ಪಿಕೊಳ್ಳುವ ಗೆಳತಿಯ ಹಿಡಿತ ಎಂಥದೆಂದು ಅನುಭವಿಸಿದವರಿಗೆ ಹೇಳಬೇಕಾಗಿಲ್ಲ.

ಕರಡುಪ್ರತಿ

ಎಲ್ಲರಿಗೂ ಕೃತಜ್ಞತೆಗಳು. ಕೈ ಕೊಸರಿಕೊಂಡ ದೃಶ್ಯವನ್ನು ನನ್ನ ರೀತಿಯಲ್ಲಿ ಬರೆದುನೋಡುತ್ತೇನೆ. ಒಂದು ಸಂದೇಹ ಉಳಿದಿದೆ: ಉಳಿದಿಬ್ಬರು ಕಾವಲಿನವಳಿಲ್ಲದೆ ಭೇಟಿಯಾಗುವ ಪ್ರಸಂಗವನ್ನು ಕೊನೆಗೆ ಇಡಲೇ?

ಇರುಳೋದು

ಕೊನೆಗೆ ಬೇಡ, ಕಾದಂಬರಿಯ ನಡುವಿನಲ್ಲಿಯೇ ಇಡಿ. ಮನೋಗತ ಅವರು ಹೇಳಿದಂತೆ ಇಬ್ಬರ ನೆನಪುಗಳೂ ಕೆಟ್ಟಿರುವುದರಿಂದ ಆ ಭೇಟಿ ಬಿಡುಗಡೆಯಾಗುವ ಬದಲು ಇಬ್ಬರಲ್ಲೂ ಹೊಸ ಅನುಮಾನವನ್ನು ಬಿತ್ತುತ್ತದೆ. ಹೊರಗೆ ಬಂದ ನಿರೂಪಕಿ ಮೊದಲು ಫೋನ್ ಮಾಡುವುದು ಕಾವಲಿನ ಗೆಳತಿಗೇ ಆಗಿರಲಿ. ಇವಳು ಅವಳನ್ನು ಏಕೆ ಬಿಟ್ಟಿಲ್ಲವೆಂದು ಅಲ್ಲಿಂದ ಮುಂದೆ ಯಾವ ಓದುಗರೂ ನಿಮ್ಮನ್ನು ಕೇಳಲಾರರು.