ಚಾಳಿನಿಂದ ಟವರಿಗೆ ಹೋಗುವಾಗ ನೆರೆಹೊರೆಯೂ ಜೊತೆಗೆ ಬರುತ್ತದೆಯೇ? (ಅನುಭವ ಹಂಚಿಕೆ)

ಕೋರಿಕೆ, ಪರೇಲಿನಿಂದ

ಮುಂಬಯಿಯ ಪರೇಲಿನ ಒಂದು ಚಾಳಿನ (ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರವಿರುವ ಹಳೆಯ ಬಾಡಿಗೆ ಕಟ್ಟಡದ) ಎರಡನೆಯ ಮಾಳಿಗೆಯಲ್ಲಿ ನಮ್ಮದು ಮೂರನೆಯ ತಲೆಮಾರು. ಕುಂದಾಪುರದ ಕಡೆಯಿಂದ ಬಂದು ಬಟ್ಟೆ ಗಿರಣಿಯ ಕ್ಯಾಂಟೀನಿನಲ್ಲಿ ದುಡಿದ ಅಜ್ಜ ಪಾಗಡಿ (ಕಾಯಂ ಬಾಡಿಗೆಯ ಹಕ್ಕಿಗಾಗಿ ಮೊದಲೇ ಕೊಡುವ ಇಡಿಗಂಟು) ಕೊಟ್ಟು ಹಿಡಿದ ಖೋಲಿ, ಅಂದರೆ ಕೋಣೆ, ಇದು. ಈಗ ಕಟ್ಟಡ ಪುನರ್ನಿರ್ಮಾಣಕ್ಕೆ ಹೋಗುವುದು ನಿಶ್ಚಯವಾಗಿದೆ. ಮೂರು ವರ್ಷ ಹೊರಗೆ ಬಾಡಿಗೆಗಿದ್ದು, ಆಮೇಲೆ ಇದೇ ಜಾಗದಲ್ಲಿ ಏಳುವ ಟವರಿನ ಸ್ವಂತ ಮನೆಗೆ ಮರಳಬೇಕು. ನನ್ನ ತಾಯಿಗೆ 74 ವರ್ಷ. ಅವರ ದಿನವೆಲ್ಲ ಖೋಲಿಗಳ ಮುಂದೆ ಉದ್ದಕ್ಕೂ ಇರುವ ಗ್ಯಾಲರಿಯಲ್ಲೇ ಕಳೆಯುತ್ತದೆ. ಅಕ್ಕಿ ಆರಿಸುವುದು ಅಲ್ಲಿ, ಔಷಧಿಯ ಹೊತ್ತನ್ನು ನೆನಪಿಸುವವರು ಪಕ್ಕದ ಖೋಲಿಯವರು, ಶನಿವಾರದ ಭಜನೆಗೆ ಚಾಪೆ ಹಾಸುವುದೂ ಅಲ್ಲಿಯೇ. ಟವರಿಗೇ ಹೋಗುವುದೋ, ಮನೆ ಮಾರಿ ಪುಣೆಯಲ್ಲಿರುವ ತಮ್ಮನ ಸಮೀಪಕ್ಕೆ ಹೋಗುವುದೋ ತಿಳಿಯದೆ ಕೇಳುತ್ತಿದ್ದೇನೆ. ಹೀಗೆ ಮನೆ ಬದಲಿಸಿದವರು ದಯವಿಟ್ಟು ಬರೆಯಿರಿ.

ದಾದರಿನಿಂದ

ಇದೇ ದಾರಿಯನ್ನು ನಡೆದು ಮುಗಿಸಿದವಳಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ನಮ್ಮ ಹಳೆಯ ಚಾಳಿನ ಒಂದು ಮಾಳಿಗೆಯಲ್ಲಿ ಹನ್ನೆರಡು ಖೋಲಿಗಳಿದ್ದವು; ನಲ್ಲಿ ಮತ್ತು ಶೌಚಾಲಯ ಗ್ಯಾಲರಿಯ ಕೊನೆಯಲ್ಲಿದ್ದವು. ಬೆಳಗಿನ ಜಾವ ನೀರು ಬಂದಾಗ ಮೊದಲ ಖೋಲಿಯವರು ಕೊಡ ಹಿಡಿದು ಹನ್ನೊಂದು ಬಾಗಿಲುಗಳನ್ನು ದಾಟಿಯೇ ಹೋಗಬೇಕಿತ್ತು. ಯಾರ ಮನೆಯಲ್ಲಿ ಇನ್ನೂ ಒಲೆ ಹಚ್ಚಿಲ್ಲ, ಯಾರ ಮಗುವಿಗೆ ಕೆಮ್ಮು, ಯಾರ ಮನೆಗೆ ಊರಿನಿಂದ ನೆಂಟರು ಬಂದಿದ್ದಾರೆ ಎಂಬುದನ್ನು ಕೇಳಿ ತಿಳಿಯುವ ಅಗತ್ಯವೇ ಇರಲಿಲ್ಲ. ನಾವು ನೆರೆತನವೆಂದು ಕರೆಯುತ್ತಿದ್ದುದರಲ್ಲಿ ಅರ್ಧಪಾಲು ಈ ನಡೆದಾಟದಿಂದ ಹುಟ್ಟಿದ್ದು ಎಂದು ಅದು ನಿಂತುಹೋದ ಮೇಲೆ ನನಗೆ ಅರಿವಾಯಿತು.

ಚಾಳುಗಳನ್ನು ಕಟ್ಟಿಸಿದವರು ನೆರೆತನವನ್ನು ಉದ್ದೇಶಿಸಿ ಕಟ್ಟಿಸಲಿಲ್ಲ. ಗಿರಣಿಗಳಿಗೂ ಬಂದರಿಗೂ ಬಂದ ದುಡಿಮೆಗಾರರಿಗೆ ಕಡಿಮೆ ಖರ್ಚಿನಲ್ಲಿ ತಲೆಯ ಮೇಲೊಂದು ಸೂರು ಕೊಡುವುದಷ್ಟೇ ಅವರ ಲೆಕ್ಕವಾಗಿತ್ತು. 1920ರ ದಶಕದಲ್ಲಿ ಸರಕಾರವೇ ವರಳಿ, ನಾಯಗಾಂವ್, ಡಿಲೈಲ್ ರೋಡ್ ಮತ್ತು ಶಿವಡಿಗಳಲ್ಲಿ ಕಟ್ಟಿಸಿದ 207 ಬಿ.ಡಿ.ಡಿ. (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳುಗಳಲ್ಲಿ ಸಾಮಾನ್ಯವಾಗಿ ಒಂದು ಕಟ್ಟಡಕ್ಕೆ 80 ಖೋಲಿಗಳು, ಒಂದು ಖೋಲಿಗೆ 160 ಚದರ ಅಡಿ. ಅಷ್ಟರಲ್ಲಿ ಒಂದು ಸಂಸಾರ ಹಿಡಿಸಲಾರದೆ ಓಣಿಗೆ, ಮೆಟ್ಟಿಲಿಗೆ, ಅಂಗಳಕ್ಕೆ ಹರಿದು ಬಂದಿತು. ಗಿರಗಾಂವದ ಕೇಶವಜಿ ನಾಯಿಕ್ ಚಾಳಿನಲ್ಲಿ 1893ರಲ್ಲಿ ಮುಂಬಯಿಯ ಸಾರ್ವಜನಿಕ ಗಣೇಶೋತ್ಸವ ಆರಂಭವಾದದ್ದನ್ನು ನೆನೆದಾಗಲೆಲ್ಲ, ಎಲ್ಲರ ಬಾಗಿಲೂ ಒಂದೇ ಅಂಗಳದತ್ತ ತೆರೆದುಕೊಳ್ಳುವ ಜಾಗದಲ್ಲಿ ಅಂಥದೊಂದು ಹಬ್ಬ ಬೇರೂರಿದ್ದು ಸಹಜವೆಂದೇ ನನಗೆ ತೋರುತ್ತದೆ.

ಈಗ ನಮಗಾದದ್ದನ್ನು ಹೇಳುತ್ತೇನೆ. ನೀವು ಟವರಿಗೆ ಹೆದರುತ್ತಿದ್ದೀರಿ, ಆದರೆ ನಮ್ಮ ನೆರೆಹೊರೆ ಒಡೆದದ್ದು ಟವರಿನಲ್ಲಲ್ಲ, ಅದಕ್ಕೆ ಮೊದಲಿನ ಬಾಡಿಗೆಯ ವರ್ಷಗಳಲ್ಲಿ. ಬಿಲ್ಡರ್ ಕೊಡುತ್ತಿದ್ದ ಬಾಡಿಗೆಯ ಹಣದಲ್ಲಿ ಸ್ವಲ್ಪ ಉಳಿಸಿಕೊಳ್ಳುವ ಆಸೆಯಿಂದ ದೂರದ ಊರುಗಳಿಗೆ, ಒಬ್ಬರು ನಾಲಾಸೋಪಾರಕ್ಕೆ, ಒಬ್ಬರು ಕಲ್ಯಾಣಕ್ಕೆ, ಇನ್ನೊಬ್ಬರು ಬದಲಾಪುರಕ್ಕೆ ಹೋದರು. ಮೂರು ವರ್ಷವೆಂದು ಹೇಳಿದ್ದು ಐದೂವರೆಯಾಯಿತು. ಅಷ್ಟರಲ್ಲಿ ಮಕ್ಕಳ ಶಾಲೆಗಳು ಅಲ್ಲಲ್ಲೇ ನೆಲೆಯಾದವು, ಇಬ್ಬರು ಹಿರಿಯರು ತೀರಿಕೊಂಡರು, ಅವರ ಸುದ್ದಿ ನಮಗೆ ಹದಿಮೂರನೆಯ ದಿನ ಕಳೆದ ಮೇಲೆ ತಲುಪಿತು. ಕೀಲಿಕೈ ಸಿಕ್ಕಾಗ ಅರ್ಧದಷ್ಟು ಕುಟುಂಬಗಳು ಮನೆಯನ್ನು ಬಾಡಿಗೆಗೆ ಕೊಟ್ಟು ಹೊರಗೇ ಉಳಿದವು. ಆದ್ದರಿಂದ ನನ್ನ ಮೊದಲ ಸಲಹೆ ಇದು: ನಿಮ್ಮ ಗ್ಯಾಲರಿಯ ಮೂರು ನಾಲ್ಕು ಕುಟುಂಬಗಳಾದರೂ ಈ ಮೂರು ವರ್ಷ ಒಂದೇ ಗಲ್ಲಿಯಲ್ಲಿ, ಸಾಧ್ಯವಾದರೆ ಒಂದೇ ಕಟ್ಟಡದಲ್ಲಿ ಮನೆ ಹಿಡಿಯಿರಿ. ಉಳಿಯುವ ಹಣ ಕಡಿಮೆಯಾಗಬಹುದು, ಆದರೆ ತಾಯಿಯವರಿಗೆ ಬೇಕಾದದ್ದು ಕೈತಪ್ಪುವುದಿಲ್ಲ.

ಎರಡನೆಯದು ಮನೆ ಹಂಚಿಕೆ. ನಮ್ಮಲ್ಲಿ ಚೀಟಿ ಎತ್ತಿದರು, ನ್ಯಾಯವಾಗಿಯೇ ಎತ್ತಿದರು. ಆದರೆ ಮೂವತ್ತು ವರ್ಷ ಗೋಡೆ ಹಂಚಿಕೊಂಡಿದ್ದ ನಾವು ಆರನೆಯ ಮಹಡಿಗೂ ಪಕ್ಕದವರು ಹದಿನೇಳನೆಯದಕ್ಕೂ ಹೋದೆವು. ಲಿಫ್ಟಿನಲ್ಲಿ ಆಕಸ್ಮಿಕವಾಗಿ ಸಿಕ್ಕರೆ ಮಾತು, ಇಲ್ಲದಿದ್ದರೆ ಇಲ್ಲ. ಒಬ್ಬೊಬ್ಬರ ಹೆಸರಿನಲ್ಲಿ ಚೀಟಿ ಎತ್ತುವ ಬದಲು ಒಂದು ಗ್ಯಾಲರಿಯನ್ನು ಒಂದು ಗುಂಪೆಂದು ಎಣಿಸಿ ಮಹಡಿಗಾಗಿ ಚೀಟಿ ಎತ್ತಬಹುದೆಂದು ಆಗ ನಮಗೆ ಯಾರೂ ಹೇಳಲಿಲ್ಲ, ನಮಗೂ ಹೊಳೆಯಲಿಲ್ಲ. ನೀವು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಅದನ್ನು ಬರೆಸಿಕೊಳ್ಳಿ.

ಕುಳಿತುಕೊಳ್ಳುವ ಜಾಗದ ಮಾತು ಇನ್ನೂ ಉಳಿದಿದೆ. ಬಾಗಿಲ ಮುಂದೆ ಬೆಂಚು ಹಾಕಿಕೊಳ್ಳೋಣವೆಂದರೆ ಬೆಂಕಿಯ ಸಂದರ್ಭದಲ್ಲಿ ಜನ ಹೊರಗೋಡಬೇಕಾದ ಓಣಿ ತೆರವಾಗಿರಬೇಕು, ಆ ನಿಯಮ ಸರಿಯಾದದ್ದೇ. ಹಾಗಾದರೆ ಹಿರಿಯರು ಕೂರುವ ಜಾಗ ನಕ್ಷೆಯಲ್ಲೇ ಇರಬೇಕು, ಅದೂ ಲಿಫ್ಟಿಗೆ ಹೋಗುವವರೆಲ್ಲರ ಕಣ್ಣಿಗೆ ಬೀಳುವ ಕಡೆ. ನಮ್ಮ ಸಭಾಗೃಹ ಪಾರ್ಕಿಂಗಿನ ಮೇಲಿನ ಮಹಡಿಯ ಹಿಂಬದಿಯಲ್ಲಿದೆ. ಬೀಗ ತೆರೆಸಲು ಅರ್ಜಿ ಕೊಡಬೇಕಾದ ಕೋಣೆಯಲ್ಲಿ ಅಕ್ಕಿ ಆರಿಸುವುದಕ್ಕೆ ಯಾರೂ ಹೋಗುವುದಿಲ್ಲ.

ಮುಲುಂಡಿನಿಂದ

ಮೇಲಿನ ಅನುಭವವನ್ನು ಗೌರವದಿಂದ ಓದಿದೆ, ಆದರೂ ಇನ್ನೊಂದು ಬದಿಯನ್ನು ಹೇಳದಿದ್ದರೆ ಈ ಚರ್ಚೆ ಅರ್ಧವಾಗುತ್ತದೆ. ನಾನು 1991ರಲ್ಲಿ ಸೊಸೆಯಾಗಿ ಚಾಳಿಗೆ ಬಂದವಳು. ಹನ್ನೆರಡು ಬಾಗಿಲುಗಳ ಮುಂದೆ ಬಕೆಟ್ ಹಿಡಿದು ಶೌಚಾಲಯಕ್ಕೆ ಹೋಗುವುದು, ಬಸುರಿನ ದಿನಗಳಲ್ಲಿ ಸರದಿಯಲ್ಲಿ ನಿಲ್ಲುವುದು, ಗಂಡನೊಂದಿಗೆ ಆಡಿದ ಮಾತು ಮರುದಿನ ನಲ್ಲಿಯ ಬಳಿ ನನಗೇ ತಿರುಗಿ ಕೇಳಿಸುವುದು, ಇವೆಲ್ಲವೂ ಅದೇ ಗ್ಯಾಲರಿ ಕೊಟ್ಟದ್ದು. ಖೋಲಿ ಯಾರಿಗೆ ಸಿಗುತ್ತಿತ್ತೆಂಬುದಕ್ಕೂ ಊರು, ಜಾತಿ, ಪರಿಚಯದ ಲೆಕ್ಕವಿತ್ತು. ಎಲ್ಲರಿಗೂ ತೆರೆದ ಬಾಗಿಲು ಅದಾಗಿರಲಿಲ್ಲ. ಮುಲುಂಡಿನ ಒಂದು ಬೆಡ್‌ರೂಮಿನ ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೊದಲ ರಾತ್ರಿ ನಾನು ಸಮಾಧಾನದಿಂದ ಅತ್ತಿದ್ದೆ. ನಿಮ್ಮ ಮನೆಯಲ್ಲಿ ಸೊಸೆಯೋ ಬೆಳೆದ ಮಗಳೋ ಇದ್ದರೆ, ತೀರ್ಮಾನಿಸುವ ಮೊದಲು ಅವರನ್ನೂ ಪ್ರತ್ಯೇಕವಾಗಿ ಕೇಳಿ ಎಂಬುದಷ್ಟೇ ನನ್ನ ಸಲಹೆ.

ಪುಣೆಯಿಂದ

ಪುಣೆಗೆ ಬರುವ ವಿಚಾರವಿರುವುದರಿಂದ ಬರೆಯುತ್ತಿದ್ದೇನೆ. ನಮ್ಮ ಹಿರಿಯರು ಧಾರವಾಡದಿಂದ ಬಂದು ನಾರಾಯಣ ಪೇಠದ ಒಂದು ವಾಡೆಯಲ್ಲಿ ಬಾಡಿಗೆಗಿದ್ದರು. ನಡುವೆ ತೆರೆದ ಚೌಕ, ಸುತ್ತ ಮಾಲೀಕರೂ ಬಾಡಿಗೆದಾರರೂ. ನಮ್ಮ ಕಡೆಯ ತೊಟ್ಟಿಮನೆಯಲ್ಲಿ ಒಂದೇ ಕುಟುಂಬ ಇರುವ ಜಾಗದಲ್ಲಿ ಇಲ್ಲಿ ಎಂಟು ಹತ್ತು ಸಂಸಾರಗಳು. 1961ರ ಜುಲೈ 12ರಂದು ಪಾನಶೆತ್ ಅಣೆಕಟ್ಟು ಒಡೆದು ಮುಠಾ ನದಿಯ ದಡದ ಪೇಠಗಳಿಗೆ ನೀರು ನುಗ್ಗಿದಾಗ ಅನೇಕ ವಾಡೆಗಳ ಮಣ್ಣಿನ ಗೋಡೆಗಳು ಕುಸಿದವು, ಒಂದೇ ಚೌಕದಲ್ಲಿದ್ದವರು ಬೇರೆ ಬೇರೆ ವಸಾಹತುಗಳಿಗೆ ಹಂಚಿಹೋದರು. ಅದರ ನಂತರ ಅಜ್ಜಿ ಕೊನೆಯವರೆಗೂ ಪ್ರತಿ ಗುರುವಾರ ಬಸ್ಸು ಹಿಡಿದು ಹಳೆಯ ನೆರೆಯವರ ಮನೆಗೆ ಹೋಗುತ್ತಿದ್ದರು.

ತಮ್ಮನ ಮನೆ ಹಿಂಜವಡಿ, ವಾಕಡದ ಕಡೆ ಇದ್ದರೆ ಒಂದು ವಿಷಯವನ್ನು ಮೊದಲೇ ವಿಚಾರಿಸಿ: ಆ ಕಟ್ಟಡದಲ್ಲಿ ಮಾಲೀಕರು ಎಷ್ಟು, ಬಾಡಿಗೆದಾರರು ಎಷ್ಟು? ಅಲ್ಲಿ ಕನ್ನಡ ಮಾತಾಡುವ ಯುವ ಕುಟುಂಬಗಳಿಗೆ ಕೊರತೆಯಿಲ್ಲ, ಆದರೆ ಹಲವರದು ಹನ್ನೊಂದು ತಿಂಗಳ ಕರಾರು. ತಾಯಿಯವರು ಒಬ್ಬರ ಪರಿಚಯ ಮಾಡಿಕೊಳ್ಳುವಷ್ಟರಲ್ಲಿ ಅವರು ಗಂಟು ಕಟ್ಟಿರುತ್ತಾರೆ. ಉದ್ಯಾನ, ಈಜುಕೊಳ, ಹಿರಿಯರ ಕಟ್ಟೆ ಎಲ್ಲವೂ ಇದ್ದರೂ ಮುಖಗಳು ವರ್ಷವರ್ಷ ಬದಲಾದರೆ ನೆರೆತನ ಬಲಿಯುವುದಿಲ್ಲ. ಬರುವುದೇ ಆದರೆ ಮೊದಲು ಎರಡು ತಿಂಗಳು ಬಂದಿದ್ದು ನೋಡಲಿ. ಪರೇಲಿನ ಹಕ್ಕನ್ನು ಅಷ್ಟರೊಳಗೆ ಮಾರಬೇಡಿ.

ಮಡಗಾಂವದಿಂದ

ಗೋವಾದ ಹಳೆಯ ಮನೆಗಳ ಮುಂದೆ ಬಲ್ಕಾಂವ್ ಎಂಬ ಕಟ್ಟೆ ಇರುತ್ತದೆ, ನಮ್ಮ ಜಗಲಿಯ ಹಾಗೆ. ಎದುರುಬದುರಾಗಿ ಎರಡು ಆಸನ, ಮುಖ ರಸ್ತೆಯ ಕಡೆಗೆ. ಸಂಜೆ ಮನೆಯವರು ಅಲ್ಲಿ ಕೂರುತ್ತಾರೆ, ಹೋಗುವವರು ನಿಂತು ಮಾತಾಡುತ್ತಾರೆ. ಒಳಗೆ ಕರೆಯಬೇಕಿಲ್ಲ, ಚಹಾ ಮಾಡಬೇಕಿಲ್ಲ. ನಾನು ಈಗಿರುವ ಫ್ಲ್ಯಾಟಿನಲ್ಲಿ ಬಾಲ್ಕನಿ ಇದೆ, ಅದು ನಾಲ್ಕನೆಯ ಮಹಡಿಯಿಂದ ಬೇರೆ ಬಾಲ್ಕನಿಗಳನ್ನು ನೋಡುತ್ತದೆ. ಕರೆಯದೆಯೇ ನಿಲ್ಲಬಹುದಾದ ಜಾಗ ಹೊಸ ನಕ್ಷೆಯಲ್ಲಿ ಎಲ್ಲಿದೆಯೆಂದು ಹುಡುಕಿ.

ಗಾಮದೇವಿಯಿಂದ

ಸಹಕಾರಿ ಸೊಸೈಟಿಯೊಂದರ ಕಾರ್ಯದರ್ಶಿಯಾಗಿ ಹಲವು ವರ್ಷ ದುಡಿದವನ ಮಾತು ಇದು. ಕೆನರಾದಿಂದ ಬಂದ ಸಾರಸ್ವತ ಕುಟುಂಬಗಳು ಶ್ರೀಪಾದ ಸುಬ್ಬರಾವ್ ತಾಳ್ಮಕಿಯವರ ನೇತೃತ್ವದಲ್ಲಿ 1915ರಲ್ಲಿ ಇದೇ ಗಾಮದೇವಿಯಲ್ಲಿ ಸಹಕಾರಿ ಗೃಹಸಂಘವನ್ನು ಕಟ್ಟಿಕೊಂಡವು. ಬಿಲ್ಡರ್ ಮನೆ ಕಟ್ಟಿ ಕೊಟ್ಟ ಮೇಲೆ ಅದರಲ್ಲಿ ಒಂದು ಸಮುದಾಯ ಮೂಡುವುದನ್ನು ನಾವು ಇಂದು ಕಾಯುತ್ತೇವೆ. ಅವರು ಮೊದಲು ಸಂಘವಾಗಿ ಕೂಡಿ, ಆಮೇಲೆ ಮನೆ ಮಾಡಿಕೊಂಡರು. ನಿಮ್ಮ ಚಾಳಿನವರೂ ನಕ್ಷೆ ಅಂತಿಮವಾಗುವ ಮೊದಲೇ ಸಭೆ ಸೇರಿ, ಗ್ಯಾಲರಿವಾರು ಹಂಚಿಕೆ, ತಳಮಹಡಿಯ ಕೂರುವ ಜಾಗ, ಸಭಾಗೃಹದಲ್ಲಿ ವಾರಕ್ಕೊಂದು ಸಂಜೆ ಭಜನೆಗೆ ಅನುಮತಿ, ಇವನ್ನು ನಿರ್ಣಯವಾಗಿ ಬರೆದು ಎಲ್ಲರ ಸಹಿ ಹಾಕಿಸಿ, ಬಿಲ್ಡರಿನ ಕರಾರಿಗೆ ಲಗತ್ತಿಸಿರಿ. ತಿಂಗಳ ನಿರ್ವಹಣಾ ಶುಲ್ಕಕ್ಕಾಗಿ ಬಿಲ್ಡರ್ ಕೊಡುವ ಕಾರ್ಪಸ್ ನಿಧಿಯ, ಅಂದರೆ ಠೇವಣಿಯಾಗಿ ಇಡುವ ಇಡಿಗಂಟಿನ, ಮೊತ್ತವನ್ನೂ ಅದರಲ್ಲೇ ಗಟ್ಟಿಮಾಡಿಕೊಳ್ಳಿ. ಚಾಳಿನ ಬಾಡಿಗೆಯಲ್ಲಿ ಬದುಕಿದವರಿಗೆ ಲಿಫ್ಟು, ಪಂಪು, ಕಾವಲಿನ ಖರ್ಚು ಭಾರವಾಗಿ, ಕೊನೆಗೆ ಅದಕ್ಕಾಗಿಯೇ ಮನೆ ಮಾರಿ ಹೋದವರನ್ನು ನಾನು ಕಂಡಿದ್ದೇನೆ.

ಮತ್ತೆ ಪರೇಲಿನಿಂದ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಇವನ್ನೆಲ್ಲ ತಾಯಿಗೆ ಓದಿ ಹೇಳಿದೆ. ಮುಲುಂಡಿನವರ ಮಾತು ಬಂದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ತಮಗೂ ಹಾಗೆಯೇ ಆಗಿತ್ತೆಂದು ಮೊದಲ ಸಲ ಹೇಳಿದರು. ನನ್ನ ಹೆಂಡತಿಯನ್ನೂ ಕೇಳಿದೆ. ಅವಳಿಗೆ ಒಳಗಿನ ಶೌಚಾಲಯವೂ ಬೇಕು, ಶನಿವಾರದ ಭಜನೆಯೂ ಬೇಕು. ಪುಣೆಯ ವಿಚಾರವನ್ನು ಸದ್ಯಕ್ಕೆ ಬಿಟ್ಟಿದ್ದೇವೆ. ಬರುವ ಭಾನುವಾರ ಗ್ಯಾಲರಿಯಲ್ಲೇ ಸಭೆ ಕರೆದಿದ್ದೇನೆ. ಲಾಲ್‌ಬಾಗ್ ಅಥವಾ ಕರಿ ರೋಡಿನ ಬಳಿ, ಲಿಫ್ಟ್ ಇರುವ ಒಂದೇ ಕಟ್ಟಡದಲ್ಲಿ ಮೂರು ಬಾಡಿಗೆ ಮನೆಗಳು ಇರುವುದು ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ತಿಳಿಸಿ. ನಮ್ಮ ಎಡಬಲದ ಖೋಲಿಯವರು ಜೊತೆಗೆ ಬರಲು ಒಪ್ಪಿದ್ದಾರೆ.