ಪಾಸೋವರ್ ಊಟಕ್ಕೆ ಮಾಟ್ಜೊ ಉಂಡೆಗಳ ಸಾರು

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ನಮ್ಮ ನೆರೆಯ ಯಹೂದಿ ಕುಟುಂಬದವರು ಪಾಸೋವರ್‌ನ ಸೆಡರ್ ಊಟಕ್ಕೆ (ಹುದುಗು ಬಂದ ಧಾನ್ಯದ ಆಹಾರವನ್ನು ಬಿಡುವ ಯಹೂದಿ ಹಬ್ಬದ ವಿಧ್ಯುಕ್ತ ರಾತ್ರಿಯೂಟ) ಕರೆದಿದ್ದು, ಅವರ ಮನೆಯಲ್ಲಿಯೇ ಕೋಳಿಸಾರಿಗೆ ಮಾಟ್ಜೊ (ಹುದುಗಿಸದ ತೆಳು ರೊಟ್ಟಿ) ಪುಡಿಯ ಉಂಡೆಗಳನ್ನು ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವು ಮೃದುವಾಗಲು ಏನು ಮಾಡಬೇಕು? ಜೊತೆಗೆ ಚಿತ್ರಾನ್ನ ಒಯ್ಯಬಹುದೇ?

ಉತ್ತರ 1: ಒಂದು ಕಪ್ ಮಾಟ್ಜೊ ಪುಡಿಗೆ 4 ಮೊಟ್ಟೆ, ಕಾಲು ಕಪ್ ಎಣ್ಣೆ, ಕಾಲು ಕಪ್ ಸಾರು, ಉಪ್ಪು ಬೆರೆಸಿ, ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಒದ್ದೆ ಕೈಯಿಂದ ಅದುಮದೆ ಉಂಡೆ ಕಟ್ಟಿ, ಮುಚ್ಚಿದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಸುಮಾರು 40 ನಿಮಿಷ ಬೇಯಿಸಿ. ರುಚಿಗೆಂದು ತುಪ್ಪ ಮಾತ್ರ ಹಾಕಬೇಡಿ. ಮಾಂಸದೊಂದಿಗೆ ಹಾಲಿನ ಪದಾರ್ಥ ಅವರಲ್ಲಿ ನಿಷಿದ್ಧ.

ಉತ್ತರ 2: ಚಿತ್ರಾನ್ನ ಬೇಡವೆಂದೇ ನನ್ನ ಸಲಹೆ. ಅಶ್ಕೆನಾಜಿ (ಮಧ್ಯ, ಪೂರ್ವ ಯುರೋಪ್ ಮೂಲದ ಯಹೂದಿ) ಸಂಪ್ರದಾಯದವರು ಈ ದಿನಗಳಲ್ಲಿ ಅಕ್ಕಿ, ಬೇಳೆಗಳನ್ನು ಬಿಡುವುದು ರೂಢಿ. ಸ್ಪೇನ್, ಪೋರ್ಚುಗಲ್ ಮೂಲದ ಸೆಫಾರ್ಡಿ ಯಹೂದಿಗಳಲ್ಲಿ ಅನೇಕರು ಅನ್ನ ಉಣ್ಣುತ್ತಾರಾದರೂ, ನಿಯಮನಿಷ್ಠರು ಗೋಧಿಯ ಅಡುಗೆ ಬೆಂದ ಪಾತ್ರೆಯಲ್ಲಿ ಮಾಡಿದ್ದನ್ನು ಮುಟ್ಟುವುದಿಲ್ಲ. ಹಣ್ಣು ಒಯ್ಯಿರಿ.

ಉತ್ತರ 3: ಹಣ್ಣನ್ನೂ ನಿಮ್ಮ ಮನೆಯ ಚಾಕುವಿನಿಂದ ಹೆಚ್ಚದೆ, ಇಡಿಯಾಗಿಯೇ ಒಯ್ಯಿರಿ; ಪಾತ್ರೆಗಿರುವ ನಿಯಮವೇ ಚಾಕುವಿಗೂ.