ಬೆಸುಗೆ ತಪ್ಪದ ರೋಬೋ ಕಾಲುಚೀಲಕ್ಕೆ ಸಿಕ್ಕಿಬೀಳುವುದೇಕೆ?

ಪ್ರಶ್ನೆ

ನಮ್ಮ ಕಾರ್ಖಾನೆಯಲ್ಲಿ ಆರು ಕೀಲುಗಳ ರೋಬೋ ತೋಳೊಂದು ದಿನವಿಡೀ ಬೆಸುಗೆ ಹಾಕುತ್ತದೆ. ಸಾವಿರನೆಯ ತುಂಡಿನ ಬೆಸುಗೆಗೂ ಮೊದಲನೆಯದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸವಿರುವುದಿಲ್ಲ. ಮನೆಯ ನೆಲ ಗುಡಿಸುವ ರೋಬೋ ಮಾತ್ರ ಮಂಚದಡಿಯ ಕಾಲುಚೀಲವನ್ನು ಕುಂಚಕ್ಕೆ ಸುತ್ತಿಕೊಂಡು ನಿಂತುಬಿಡುತ್ತದೆ. ಅದನ್ನು ಬಿಡುವ ಮೊದಲು ಕುರ್ಚಿಗಳನ್ನು ಎತ್ತಿಟ್ಟು, ವೈರುಗಳನ್ನು ಕಟ್ಟಿಡುವುದು ನನ್ನ ಪಾಲಿಗೆ ಬಂದಿದೆ. ಎರಡರ ನಡುವೆ ಇಷ್ಟು ಅಂತರವೇಕೆ? ಸಿಎನ್‌ಸಿ ಯಂತ್ರಕ್ಕೆ (ಕಂಪ್ಯೂಟರ್ ಆದೇಶದಂತೆ ಲೋಹ ಕೊರೆಯುವ ಯಂತ್ರಕ್ಕೆ) ತುಂಡು ಹಾಕಿ ತೆಗೆಯುವ ನನ್ನ ಕೆಲಸಕ್ಕೂ ಸದ್ಯದಲ್ಲೇ ಒಂದು ತೋಳು ಬರಲಿದೆಯಂತೆ. ನಾನು ಏನನ್ನು ಕಲಿತಿಟ್ಟುಕೊಳ್ಳಬೇಕು?

ಉತ್ತರ 1

ನಿಮ್ಮ ಬೆಸುಗೆಯ ತೋಳಿಗೆ ಬಹುಶಃ ಕಣ್ಣೇ ಇಲ್ಲ. ತುಂಡನ್ನು ಫಿಕ್ಸ್‌ಚರ್ ಎಂಬ ಹಿಡಿತದ ಚೌಕಟ್ಟು ಪ್ರತಿ ಸಲವೂ ಅದೇ ಜಾಗದಲ್ಲಿ ಹಿಡಿದಿಡುವುದರಿಂದ, ಕಲಿಸಿದ ದಾರಿಯನ್ನು ಮತ್ತೆ ಮತ್ತೆ ಸವೆಸಿದರೆ ಅದಕ್ಕೆ ಸಾಕು. ತುಂಡನ್ನು ಐದು ಮಿಲಿಮೀಟರ್ ಸರಿಸಿಟ್ಟರೆ ಅಷ್ಟೇ ನಿಖರವಾಗಿ ತಪ್ಪು ಜಾಗಕ್ಕೆ ಬೆಸುಗೆ ಹಾಕುತ್ತದೆ. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಕಾಯ್ದ ಎರಕದ ತುಂಡುಗಳನ್ನು ಎತ್ತಿಡಲು ನಿಂತ ಯೂನಿಮೇಟ್ ಎಂಬ ರೋಬೋ ತೋಳು ಕೂಡ ಇದೇ ಜಾತಿಯದು. ಮನೆಗೆ ಫಿಕ್ಸ್‌ಚರ್ ಎಲ್ಲಿಂದ ತರುವುದು? ವರ್ಷದ ಮಗುವಿಗೆ ಸಲೀಸಾದ ನೋಟ ಮತ್ತು ಚಲನೆಯೇ ಯಂತ್ರಕ್ಕೆ ಕಠಿಣವೆಂದು ರೋಬೋ ವಿಜ್ಞಾನಿ ಹ್ಯಾನ್ಸ್ ಮೊರಾವೆಕ್ 1988ರಲ್ಲಿ ಬರೆದದ್ದು ನಿಮ್ಮ ಕಾಲುಚೀಲಕ್ಕೂ ಸಲ್ಲುತ್ತದೆ.

ಉತ್ತರ 2

ಇದಕ್ಕೆ ಒಂದು ಮಾತು ಸೇರಿಸಬೇಕು. ರೋಬೋ ಜಗತ್ತಿಗೆ ಹೊಂದಿಕೊಳ್ಳದಿದ್ದರೆ ಜಗತ್ತನ್ನೇ ಅದಕ್ಕೆ ಹೊಂದಿಸುತ್ತಾರೆ. ನೀವು ಕುರ್ಚಿ ಎತ್ತಿಡುವುದೂ ಅದೇ. 2012ರಲ್ಲಿ ಅಮೆಜಾನ್ ಕೊಂಡುಕೊಂಡ ಕೀವಾ ಕಂಪನಿಯ ಗೋದಾಮಿನ ರೋಬೋಗಳು ನೆಲಕ್ಕೆ ಅಂಟಿಸಿದ ಗುರುತುಗಳನ್ನು ಓದುತ್ತ, ಕಪಾಟುಗಳನ್ನೇ ಹೊತ್ತು ಕೆಲಸಗಾರರ ಬಳಿಗೆ ತರುತ್ತಿದ್ದವು. ಕಪಾಟಿನಿಂದ ವಸ್ತುವನ್ನು ಆರಿಸಿ ತೆಗೆಯುವ ಕೆಲಸ ಮಾತ್ರ ಮನುಷ್ಯರ ಕೈಯಲ್ಲೇ ಉಳಿಯಿತು. ನಡಿಗೆ ತಪ್ಪಿತು ನಿಜ, ಆದರೆ ಒಂದೇ ಕಡೆ ನಿಂತ ಕೈಗಳು ಬರುವ ಕಪಾಟುಗಳ ವೇಗಕ್ಕೆ ಓಡಬೇಕಾಯಿತು. ಇದನ್ನು ಬರೀ ಅನುಕೂಲವೆಂದು ಕರೆಯಲು ನನಗೆ ಮನಸ್ಸಿಲ್ಲ.

ಉತ್ತರ 3

ಕಲಿಕೆಯ ವಿಚಾರಕ್ಕೆ ಬರುತ್ತೇನೆ. ಮೊದಲು ಟೀಚ್ ಪೆಂಡೆಂಟ್ (ತೋಳಿಗೆ ದಾರಿ ಕಲಿಸುವ ಕೈಯಲ್ಲಿ ಹಿಡಿಯುವ ಸಾಧನ) ಹಿಡಿಯುವುದನ್ನು ಕಲಿಯಿರಿ. ಅದರ ಹಿಂಬದಿಯ ಸ್ವಿಚ್ಚನ್ನು ನಡುಮಟ್ಟಕ್ಕೆ ಒತ್ತಿ ಹಿಡಿದಾಗ ಮಾತ್ರ ತೋಳು ಕದಲುತ್ತದೆ. ಬಿಟ್ಟರೂ ನಿಲ್ಲುತ್ತದೆ, ಬಿಗಿಯಾಗಿ ಹಿಂಡಿದರೂ ನಿಲ್ಲುತ್ತದೆ, ಏಕೆಂದರೆ ಬೆಚ್ಚಿಬಿದ್ದವನು ಕೈಯಲ್ಲಿದ್ದದ್ದನ್ನು ಬಿಟ್ಟೂಬಿಡಬಹುದು, ಗಟ್ಟಿಯಾಗಿ ಹಿಡಿದೂಬಿಡಬಹುದು. ಬೇಲಿಯನ್ನು ಮತ್ತು ಅದರ ಬಾಗಿಲು ತೆರೆದರೆ ತೋಳನ್ನು ನಿಲ್ಲಿಸುವ ಇಂಟರ್‌ಲಾಕ್‌ಗಳನ್ನು ಹಗುರವಾಗಿ ಕಾಣಬೇಡಿ: 1979ರಲ್ಲಿ ಮಿಷಿಗನ್‌ನ ಫ್ಲಾಟ್ ರಾಕ್‌ನಲ್ಲಿದ್ದ ಎರಕದ ಕಾರ್ಖಾನೆಯಲ್ಲಿ ತುಂಡು ತೆಗೆಯಲು ಹತ್ತಿದ ಕೆಲಸಗಾರನೊಬ್ಬ ರೋಬೋ ತೋಳಿನ ಹೊಡೆತಕ್ಕೆ ಸತ್ತನು. ಇನ್ನು ಗ್ರಿಪ್ಪರ್ (ತುಂಡನ್ನು ಹಿಡಿಯುವ ತೋಳಿನ ಕೈ), ಫಿಕ್ಸ್‌ಚರ್‌ಗಳನ್ನು ತಿಳಿಯಿರಿ. ಯಂತ್ರದಲ್ಲಿ ತುಂಡನ್ನು ಬಿಗಿಹಿಡಿಯುವ ಚಕ್ಕಿನೊಳಗೆ ಲೋಹದ ಚೂರು ಉಳಿದರೆ ತುಂಡು ಓರೆಯಾಗಿ ಕೂರುತ್ತದೆ ಎಂಬುದು ನಿಮಗೆ ಗೊತ್ತು, ತೋಳಿಗೆ ಗೊತ್ತಿಲ್ಲ. ಆದರೂ ಒಂದು ತೋಳು ಎರಡು ಮೂರು ಯಂತ್ರಗಳನ್ನು ನೋಡಿಕೊಳ್ಳಬಲ್ಲದಾದ್ದರಿಂದ ಎಲ್ಲರ ಕೆಲಸವೂ ಉಳಿಯುತ್ತದೆಂದು ನಾನು ಹೇಳಲಾರೆ. ತರಬೇತಿ ಯಾರಿಗೆ ಸಿಗುತ್ತದೆ ಎಂಬುದನ್ನು ತೋಳು ಬರುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಪ್ರತಿ ಸಲವೂ ಚಕ್ಕನ್ನು ಬ್ರಶ್ಶಿನಿಂದ ಒರೆಸಿಯೇ ನಾನು ತುಂಡು ಕೂರಿಸುತ್ತೇನೆ. ಅದೂ ಒಂದು ಕೆಲಸವೆಂದು ಇದುವರೆಗೆ ಯಾರೂ ಬರೆದುಕೊಂಡಿಲ್ಲ. ತೋಳು ಅಳವಡಿಸುವವರು ಅಳತೆಗೆ ಬಂದಾಗ, ಅಲ್ಲಿ ಚೂರು ಹಾರಿಸಲು ಗಾಳಿ ಊದುವ ವ್ಯವಸ್ಥೆ ಇಟ್ಟಿದ್ದಾರೆಯೇ ಎಂದು ಮೊದಲು ವಿಚಾರಿಸುತ್ತೇನೆ.